ತಹ್ಸಿನ್ ಉಸ್ತಾ ಅವರ ಮೂಗು

ನಾನು ಬಾದೆಮ್ಲಿಗೆ ಬಂದಿಳಿದ ದಿನ ಆ ಊರಿನಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತು "ನಿಲ್ಲು!" ಎಂಬುದು.

ನಾನು ಕಿರ್‌ಶೆಹಿರ್ ಕಡೆಯ ಬಯಲುಸೀಮೆಯವನು. ಸಮುದ್ರವನ್ನು ಅದುವರೆಗೆ ಶಾಲೆಯ ಗೋಡೆಯ ಭೂಪಟದಲ್ಲಷ್ಟೇ ನೋಡಿದ್ದೆ. ಶಾಲಾವರ್ಷ ಮುಗಿಯುವ ಮೊದಲೇ, ಬಾದಾಮಿ ಮರಗಳು ಹಸಿರುಕಾಯಿ ಕಟ್ಟುತ್ತಿದ್ದ ದಿನಗಳಲ್ಲಿ, ನನ್ನನ್ನು ಈ ಕಡಲಂಚಿನ ಹಳ್ಳಿಯ ಶಾಲೆಗೆ ಮೇಷ್ಟ್ರಾಗಿ ವರ್ಗ ಮಾಡಿದ್ದರು. ಆಗ ಇಲ್ಲಿಗೆ ರಸ್ತೆ ಇರಲಿಲ್ಲ. ಮರ್ಮರಿಸ್‌ನಿಂದ ಟಪಾಲು ತರುವ ದೋಣಿಯೇ ನನ್ನನ್ನೂ ದಡಕ್ಕೆ ಇಳಿಸಿ ಹೋಯಿತು. ಪೆಟ್ಟಿಗೆ ಹಿಡಿದು ನಡೆಯತೊಡಗಿದೆ. ಶಾಲೆಯ ದಾರಿ ದೋಣಿಕಟ್ಟೆಯ ನಡುವೆ ಹಾದುಹೋಗುತ್ತಿತ್ತು. ಚಳಿಗಾಲಕ್ಕೆಂದು ದಡಕ್ಕೆಳೆದು, ಅಕ್ಕಪಕ್ಕ ಊರುಗಂಬ ಕೊಟ್ಟು ನಿಲ್ಲಿಸಿದ ದೋಣಿಗಳು ಎರಡೂ ಬದಿಗೆ ಸಾಲಾಗಿ ನಿಂತಿದ್ದವು. ನಾನು ನಾಲ್ಕು ಹೆಜ್ಜೆ ಇಟ್ಟಿರಬೇಕು. ಒಂದು ಹಾಯಿದೋಣಿಯ ಪಕ್ಕ ಎತ್ತರದ ಹಲಗೆಯ ಮೇಲೆ ಕುಳಿತಿದ್ದ ಮನುಷ್ಯ ಕುಂಚ ಹಿಡಿದ ಕೈಯನ್ನು ಮೇಲೆತ್ತಿ ಕೂಗಿದರು.

"ನಿಲ್ಲು! ಅಲ್ಲೇ ನಿಲ್ಲು! ಕಾಲು ಎತ್ತಬೇಡ!"

ಹಾವಿರಬೇಕೆಂದು ನಾನು ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಂತೆ.

"ಕಂಬದ ಮೇಲೆ ಕೆಂಪು ಬಟ್ಟೆ ಕಾಣಲ್ವಾ ನಿನಗೆ?"

"ಕಾಣುತ್ತೆ."

"ಮತ್ತೆ?"

"ಏನು ಮತ್ತೆ?"

ಡಬ್ಬಿಯಿಂದ ನೆಲಕ್ಕೆ ನೀರು ಚಿಮುಕಿಸುತ್ತಿದ್ದ ಹೆಂಗಸೊಬ್ಬರು ನಕ್ಕುಬಿಟ್ಟರು. "ಪಾಪ, ಹೊಸಬ. ಕಾಲಾದ್ರೂ ಕೆಳಗಿಡಲಿ ಬಿಡು ಉಸ್ತಾ. ನೋಡಲ್ಲಿ, ಕೊಕ್ಕರೆ ಥರ ನಿಂತಿದ್ದಾನೆ."

ಉಸ್ತಾ ಎಂದರೆ ಇಲ್ಲಿ ಕಸುಬಿನಲ್ಲಿ ಪಳಗಿದವನು. ಆ ಉಸ್ತಾ ಅವರ ಹೆಸರು ತಹ್ಸಿನ್. ನಗುತ್ತಿದ್ದವರು ಅವರ ಹೆಂಡತಿ ನಾಜಿಯೆ. ಕಂಬದ ಮೇಲೆ ಕೆಂಪು ಬಟ್ಟೆ ಹಾರುತ್ತಿದ್ದರೆ ಯಾವುದೋ ದೋಣಿಯ ಮೇಲೆ ವಾರ್ನಿಷ್ ಇನ್ನೂ ಹಸಿಯಾಗಿದೆ, ಧೂಳೆದ್ದರೆ ಅದಕ್ಕೆ ಅಂಟಿಕೊಳ್ಳುತ್ತದೆ ಎಂದು ಅರ್ಥ. ಆ ಹೊತ್ತಿನಲ್ಲಿ ಊರಿನಲ್ಲಿ ಯಾರೂ ಜಮಖಾನೆ ಕೊಡವುವುದಿಲ್ಲ, ಅಂಗಳ ಗುಡಿಸುವುದಿಲ್ಲ, ಮೇಕೆಗಳನ್ನು ಈ ದಾರಿಯಲ್ಲಿ ಹೊಡೆಯುವುದಿಲ್ಲ. ನನಗೆ ಅದೆಲ್ಲ ಏನು ಗೊತ್ತು? ನಾಜಿಯೆ ಅಕ್ಕ ಒಂದು ಮೋಟು ಮಣೆ ತಂದು ನಾನು ನಿಂತಲ್ಲೇ ಹಾಕಿದರು, ಚಹಾ ತಂದುಕೊಟ್ಟರು. ತಹ್ಸಿನ್ ಉಸ್ತಾ ಮತ್ತೆ ನನ್ನ ಕಡೆ ತಿರುಗಿ ನೋಡಲೇ ಇಲ್ಲ. ಹಚ್ಚುತ್ತಿರುವ ಅಂಚು ಒಣಗುವ ಮುಂಚೆ ಮುಂದಿನ ಗೆರೆ ಅದಕ್ಕೆ ಸೇರಬೇಕು. ನಡುವೆ ನಿಲ್ಲಿಸಿದರೆ ಆ ಗುರುತು ವರ್ಷವಿಡೀ ಕಾಣುತ್ತದೆ. ಬಿಸಿಲು ನೆತ್ತಿಗೇರುವವರೆಗೆ ನಾನು ಆ ಮಣೆಯ ಮೇಲೆ ಕುಳಿತೇ ಇದ್ದೆ. ಅತ್ತ ಶಾಲೆಯಲ್ಲಿ ಹೊಸ ಮೇಷ್ಟ್ರು ದೋಣಿಯಿಂದ ನೀರಿಗೆ ಬಿದ್ದರೆಂದು ಸುದ್ದಿಯಾಗಿತ್ತು.

ಅಂದು ಅವರು ಬಳಿಯುತ್ತಿದ್ದ ದೋಣಿಯ ಹೆಸರು ತುರ್ನಾ. ನಮ್ಮ ಮಾತಿನಲ್ಲಿ ಅದು ಕೊಕ್ಕರೆಯ ಜಾತಿಯ ಒಂದು ಹಕ್ಕಿ. ನಾಜಿಯೆ ಅಕ್ಕನ ತಮಾಷೆ ನನಗೆ ಹೊಳೆದದ್ದು ಬಹಳ ದಿನಗಳ ನಂತರ.

ತುರ್ನಾದ ಒಡಲು ಇಲ್ಲಿಯದೇ ಪೈನ್ ಮರದ್ದು. ಆದರೆ ಮೇಲಿನದೆಲ್ಲ ತೇಗ: ದೋಣಿಯ ಸುತ್ತ ಮೇಲಂಚಿಗೆ ಕೂರಿಸಿದ ಅಗಲವಾದ ಪಟ್ಟಿ, ಕೋಣೆಯ ಗೋಡೆಗಳು, ಒಳಗಿಳಿಯುವ ಬಾಗಿಲು, ಚುಕ್ಕಾಣಿಯ ಉದ್ದನೆಯ ಹಿಡಿ. ಎಲ್ಲಿಯೋ ಒಡೆದುಹಾಕಿದ ದೊಡ್ಡ ಹಡಗೊಂದರ ತೇಗವನ್ನು ತುರ್ನಾದ ಆಗಿನ ಒಡೆಯರಾದ ಕಪ್ತಾನರು ಆಸೆಪಟ್ಟು ಕೊಂಡು ತಂದಿದ್ದರು. ಅವರ ನಂತರ ದೋಣಿ ಮಗ ಸೈಫಿಗೆ ಬಂದಿತು. ಸೈಫಿ ನನ್ನ ಶಿಷ್ಯ. ಗುಣಾಕಾರ ಬರುತ್ತಿರಲಿಲ್ಲ, ಗಾಳಿಯ ಲೆಕ್ಕ ಬರುತ್ತಿತ್ತು. ಬೇಸಿಗೆಯಲ್ಲಿ ಪ್ರವಾಸಕ್ಕೆ ಬಂದ ಅತಿಥಿಗಳನ್ನು ಕೂರಿಸಿಕೊಂಡು ದ್ವೀಪಗಳ ಕಡೆ ಹೋಗಿಬರುವುದೇ ಅವನ ಜೀವನ. ಅತಿಥಿಗಳು ದಡದಲ್ಲಿ ನಿಂತು ಮೊದಲು ನೋಡುವುದು ಆ ತೇಗವನ್ನು. ಜೇನುತುಪ್ಪದಲ್ಲಿ ಅದ್ದಿ ತೆಗೆದಂತೆ ಅದು ಹೊಳೆಯುತ್ತಿತ್ತು. ನೋಡಿದವರೆಲ್ಲ ಒಮ್ಮೆ ಕೈಯಾಡಿಸದೆ ಹತ್ತುತ್ತಿರಲಿಲ್ಲ.

ಹೊಳೆಯುವುದು ಎಷ್ಟು ದಿನ? ಬೇಸಿಗೆ ಮುಗಿಯುವ ಹೊತ್ತಿಗೆ ಉಪ್ಪು ಮತ್ತು ಬಿಸಿಲು ಸೇರಿ ಅದನ್ನು ತಿಂದುಹಾಕಿರುತ್ತಿದ್ದವು. ಚಳಿಗಾಲ ಕಳೆಯುತ್ತಲೇ ಮತ್ತೆ ಉಜ್ಜಬೇಕು, ಮರ ತನ್ನೊಳಗಿನ ಎಣ್ಣೆ ಉಗುಳಿದ್ದರೆ ಥಿನ್ನರ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರಸಬೇಕು, ಮತ್ತೆ ಬಳಿಯಬೇಕು, ಒಂದರ ಮೇಲೊಂದು. ದಾರಿಯಲ್ಲಿ ಹೋಗುವವರು ನಮ್ಮ ಪದ್ಧತಿಯಂತೆ "ಕೆಲಸ ಹಗುರಾಗಲಿ ಉಸ್ತಾ" ಎನ್ನುತ್ತಿದ್ದರು.

"ಹಗುರಾಗಲಿ ಅಂತ ನನ್ನ ಮದುವೆಗೆ ಮುಂಚಿಂದ ಹೇಳ್ತಿದ್ದೀರಿ," ಎನ್ನುತ್ತಿದ್ದರು ಅವರು. "ಒಂದು ದಿನ ಆಗಿದ್ದು ಕಾಣೆ. ನಾನು ಸೂರ್ಯನ ಅಡುಗೆಯವನು ಕಣ್ರಪ್ಪಾ. ಬೇಯಿಸ್ತೀನಿ, ಬಡಿಸ್ತೀನಿ, ಅವನು ತಿಂದು ಎದ್ದುಹೋಗ್ತಾನೆ. ಕೈಗೆ ಒಳ್ಳೇದಾಗಲಿ ಅಂತ ಒಂದು ಮಾತು ಹೇಳಲ್ಲ."

ಉಳಿದ ವಾರ್ನಿಷ್‌ಗಾರರಿಗೂ ತಹ್ಸಿನ್ ಉಸ್ತಾ ಅವರಿಗೂ ಒಂದು ವ್ಯತ್ಯಾಸವಿತ್ತು. ಉಳಿದವರು ಒಂದು ಲೇಪ ಬಳಿದು, ಅದು ಪೂರ್ತಿ ಗಟ್ಟಿಯಾಗುವವರೆಗೆ ಕಾದು, ಉಪ್ಪುಕಾಗದದಲ್ಲಿ ಉಜ್ಜಿ, ಆಮೇಲೆ ಮುಂದಿನದನ್ನು ಬಳಿಯುತ್ತಿದ್ದರು. ಇವರು ಮೊದಲ ಕೆಲವು ಲೇಪಗಳ ನಡುವೆ ಉಜ್ಜುತ್ತಲೇ ಇರಲಿಲ್ಲ. ಹಿಂದಿನ ಲೇಪದ ಹಸಿ ಹೋಗಿರಬೇಕು, ಆದರೆ ಅದು ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡಿರಬಾರದು. ಆ ಸಣ್ಣ ಸಂದಿನಲ್ಲಿ ಮುಂದಿನದನ್ನು ಬಳಿದರೆ ಎರಡೂ ಬೆಸೆದು ಒಂದೇ ಆಗುತ್ತವೆ. ಅಂಥ ವಾರ್ನಿಷ್ ಪೊರೆಯೆದ್ದು ಬರುವುದಿಲ್ಲ. ಆ ಸಂದು ಯಾವಾಗ ಬರುತ್ತದೆ ಎಂಬುದನ್ನು ಅವರು ಮೂಗಿನಿಂದ ತಿಳಿಯುತ್ತಿದ್ದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಮ್ಮಲ್ಲಿ ಗೌರವದಿಂದ ರೊಟ್ಟಿಗೆ ಮುತ್ತಿಡುವವರ ಹಾಗೆ ಮರದ ಮೇಲೆ ಬಾಗಿ, ಕಣ್ಣು ಮುಚ್ಚಿ ಒಮ್ಮೆ ಮೂಸುತ್ತಿದ್ದರು. ವಾಸನೆ ಮೂಗಿಗೆ ಚುಚ್ಚಿದರೆ ಇನ್ನೂ ಇಲ್ಲ. ಹಳೆಯ ಅಕ್ರೋಟಿನ ಹಾಗೆ ಮೆತ್ತಗಾದರೆ, "ಆಗಿದೆ."

ಬೇರೆಯವರು ಪಟ್ಟಿಯ ಅಡಿಯಲ್ಲಿ ಯಾರಿಗೂ ಕಾಣದ ಮೂಲೆಯಲ್ಲಿ ಹೆಬ್ಬೆರಳ ಉಗುರು ಒತ್ತಿ ನೋಡುತ್ತಿದ್ದರು. ಅವರನ್ನು ಕಂಡರೆ ಉಸ್ತಾ ಅವರಿಗೆ ತಮಾಷೆ. "ಏನಯ್ಯಾ, ಕಲ್ಲಂಗಡಿ ಕೊಳ್ಳೋಕೆ ಬಂದಿದ್ದೀಯಾ? ಉಗುರಲ್ಲಿ ಒತ್ತಿ ನೋಡೋಕೆ ಅದೇನು ನಿನ್ನ ಅತ್ತೆಯ ಕೆನ್ನೆಯಾ?" ಎಂದು ಇಡೀ ಕಟ್ಟೆಗೆ ಕೇಳುವಂತೆ ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಉಗುರು ಒತ್ತಿದವನು ಕೈಯನ್ನು ಜೇಬಿಗೆ ಸೇರಿಸುತ್ತಿದ್ದ.

ಹೀಗೆ ಆ ಮೂಗಿಗೆ ಊರಿನಲ್ಲಿ ಒಂದು ಸ್ಥಾನ ಬಂದುಬಿಟ್ಟಿತ್ತು. ಆಲಿವ್ ಎಣ್ಣೆ ಕಮಟಾಯಿತೋ ಇಲ್ಲವೋ ಎಂದು ತಿಳಿಯಲು ಜಾಡಿಯನ್ನು ಅವರ ಬಳಿಗೆ ಒಯ್ಯುತ್ತಿದ್ದರು. ಹುಲ್ಲಿನ ಬಣವೆಯೊಳಗೆ ಬೂಷ್ಟು ಹಿಡಿದಿದೆಯೇ ಎಂದು ಕೇಳಲು ಗುಡ್ಡದ ಮೇಲಿನಿಂದ ಕುರುಬರು ಬರುತ್ತಿದ್ದರು. ಚಹಾ ಅಂಗಡಿಯ ದುರ್ಮುಷ್ ಹೊಸ ಚಹಾಪುಡಿ ತೆರೆದಾಗಲೆಲ್ಲ ಮೊದಲು ಅವರ ಮುಂದೆ ಹಿಡಿದು, "ಅಣ್ಣಾ, ಅಪ್ಪಣೆಯಾಗಲಿ," ಎನ್ನುತ್ತಿದ್ದ. ಊರಿನವರು ನನ್ನನ್ನು "ಮೇಷ್ಟ್ರೇ" ಎಂದು ಕರೆಯುವಾಗ ಎಷ್ಟು ಗೌರವವಿತ್ತೋ ಅಷ್ಟೇ ಗೌರವ ಆ ಮೂಗಿಗೂ ಇತ್ತು. ನನಗೆ ಅದರಲ್ಲಿ ಹೊಟ್ಟೆಕಿಚ್ಚೇನೂ ಇರಲಿಲ್ಲ.

ವರ್ಷಗಳು ಹಾಗೇ ಸರಿದವು. ರಸ್ತೆ ಬಂತು. ಪ್ಲಾಸ್ಟಿಕ್ ದೋಣಿಗಳು ಬಂದವು. ಮರದ ದೋಣಿಯವರಲ್ಲಿ ಅನೇಕರು ವಾರ್ನಿಷ್ ಬಿಟ್ಟು, ತೇಗವನ್ನು ಬರಿದಾಗಿ ಬಿಸಿಲಿಗೆ ಬಿಟ್ಟರು. ಅದು ಒಂದೆರಡು ವರ್ಷದಲ್ಲಿ ಬೂದಿಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಹೆಚ್ಚಿನ ಆರೈಕೆ ಕೇಳುವುದಿಲ್ಲ. ತಹ್ಸಿನ್ ಉಸ್ತಾ ಅವರ ಕೈಯಲ್ಲಿ ಕೊನೆಗೆ ಉಳಿದದ್ದು ತುರ್ನಾ ಒಂದೇ. ಮಣಿಕಟ್ಟು ಊದುತ್ತಿತ್ತು. ಹಲಗೆ ಹತ್ತುವಾಗ ಮೊಣಕಾಲು ಹಿಡಿದು ಒಮ್ಮೆ ನಿಲ್ಲುತ್ತಿದ್ದರು. ಮೊದಲಿನ ಹಾಗೆ ಕೂಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ದೋಣಿಯ ನೆರಳಿನಲ್ಲಿ ಕುಳಿತು, ಬ್ರೆಡ್ಡು ಚೀಸು ಮುಂದಿಟ್ಟುಕೊಂಡು, ತಿನ್ನುವುದನ್ನೇ ಮರೆತು ಸಮುದ್ರ ನೋಡುತ್ತಿದ್ದರು.

"ಸಾಕಾಗಲ್ವಾ ಉಸ್ತಾ?" ಎಂದು ಒಮ್ಮೆ ಕೇಳಿದೆ. ಆ ವರ್ಷ ನನಗೆ ನಿವೃತ್ತಿಯಾಗಿತ್ತು.

"ಸಾಕಾಗಿ ಎಷ್ಟೋ ವರ್ಷ ಆಯ್ತು ಮೇಷ್ಟ್ರೇ. ಆದ್ರೆ ಬಿಟ್ರೆ ಆ ಹುಡುಗ ತುರ್ನಾನ ಬೋಳು ಬಿಡ್ತಾನೆ. ಬೂದಿ ಬಳಿದುಕೊಂಡ ಹಾಗೆ ನಿಲ್ಲುತ್ತೆ ಅದು. ನಾನು ಬದುಕಿರೋವಾಗ ಅದನ್ನ ನೋಡೋಕಾಗಲ್ಲ."

ಅವರು ಹೇಳಿದ್ದು ಅಷ್ಟೇ. ಆದರೆ ನಾನು ಇನ್ನೊಂದು ಸಂಗತಿಯನ್ನೂ ಗಮನಿಸಿದ್ದೆ. ಕೆಲವು ವರ್ಷಗಳಿಂದ ನಾಜಿಯೆ ಅಕ್ಕ ದಿನವೂ ಚಹಾ ಫ್ಲಾಸ್ಕು ಹಿಡಿದು ಕಟ್ಟೆಗೆ ಬರುತ್ತಿದ್ದರು. ಬಂದವರು ಫ್ಲಾಸ್ಕನ್ನು ಕೆಳಗಿಟ್ಟು, ದೋಣಿಯ ಸುತ್ತ ಒಂದು ಸುತ್ತು ಹಾಕಿ, ತಲೆಯ ವಸ್ತ್ರ ಸರಿಮಾಡಿಕೊಳ್ಳುವ ನೆವದಲ್ಲಿ ಪಟ್ಟಿಯ ಮೇಲೆ ಬಾಗುತ್ತಿದ್ದರು. ಗಂಡನ ಕಡೆ ನೋಡಿ ತಲೆಯಾಡಿಸುತ್ತಿದ್ದರು, ಇಲ್ಲವೇ ಆಡಿಸುತ್ತಿರಲಿಲ್ಲ. ಆಮೇಲೆ ಉಸ್ತಾ ಎದ್ದು ಹೋಗಿ, ಎಲ್ಲರೂ ನೋಡುವಂತೆ ಬಾಗಿ, ಕಣ್ಣು ಮುಚ್ಚಿ ಮೂಸುತ್ತಿದ್ದರು.

ಇದರ ಅರ್ಥ ತಿಳಿದದ್ದು ಒಂದು ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ. ಬಾಗಿಲು ತೆರೆದೇ ಇತ್ತು. ಉಸ್ತಾ ಒಲೆಗೆ ಬೆನ್ನು ಹಾಕಿ ಕುಳಿತು ಕುಂಚದ ಕೂದಲನ್ನು ಬಾಚುತ್ತಿದ್ದರು. ಒಲೆಯ ಮೇಲೆ ಹುರುಳಿಕಾಯಿ ಹತ್ತಿ, ತಳ ಕಪ್ಪಾಗಿ, ಬೀದಿಗೂ ಕಮಟು ಬರುತ್ತಿತ್ತು. ನನ್ನನ್ನು ನೋಡಿ ಅವರು, "ಬನ್ನಿ ಮೇಷ್ಟ್ರೇ, ಊಟದ ಹೊತ್ತಿಗೆ ಸರಿಯಾಗಿ ಬಂದ್ರಿ," ಎಂದು ನಕ್ಕರು.

ಹಿತ್ತಲಿನಿಂದ ನಾಜಿಯೆ ಅಕ್ಕ ಓಡಿಬಂದು ಪಾತ್ರೆಯನ್ನು ಹೊರಗೆ ಎಸೆದರು. "ಅಯ್ಯೋ, ಮನೆ ಸುಟ್ಟರೂ ಕೂತಿರ್ತೀಯಲ್ಲೋ!" ಎಂದವರು ನನ್ನನ್ನು ಕಂಡು ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡರು.

ಕೋಣೆಯಲ್ಲಿ ಹೊಗೆ ಮಾತ್ರ ಉಳಿಯಿತು. ಉಸ್ತಾ ಕುಂಚವನ್ನು ಬದಿಗಿಟ್ಟರು.

"ಆ ಕೆಟ್ಟ ಜ್ವರ ಬಂತಲ್ಲ ಮೇಷ್ಟ್ರೇ, ಆ ಚಳಿಗಾಲ," ಎಂದರು. "ಜ್ವರ ಹೋಯ್ತು, ಮೂಗನ್ನೂ ತಗೊಂಡು ಹೋಯ್ತು. ಥಿನ್ನರ್ ವಾಸನೆ ಕುಡಿದು ಕುಡಿದು ಅದು ಮುಂಚೆಯೇ ಅರ್ಧ ಸತ್ತಿತ್ತು ಅಂದ್ರು ಡಾಕ್ಟ್ರು. ಗುಲಾಬಿಯೂ ಒಂದೇ, ಸಗಣಿಯೂ ಒಂದೇ ನನಗೆ."

"ಊರಲ್ಲಿ ಹೇಳ್ಬೇಡಿ ಮೇಷ್ಟ್ರೇ," ಎಂದರು ನಾಜಿಯೆ ಅಕ್ಕ. "ಸೈಫಿ ಕಿವಿಗೆ ಬಿದ್ರೆ ತುರ್ನಾ ಇವನ ಕೈ ತಪ್ಪಿಹೋಗುತ್ತೆ. ಅದೊಂದು ಇದೆ ಅಂತ ಬೆಳಗ್ಗೆ ಹಾಸಿಗೆ ಬಿಟ್ಟು ಏಳ್ತಾನೆ."

ನಾನು ಯಾರಿಗೂ ಹೇಳಲಿಲ್ಲ. ಅದು ಹೇಳುವಂಥ ಮಾತೂ ಆಗಿರಲಿಲ್ಲ.

ಮೂರು ವಸಂತಗಳ ಹಿಂದೆ, ತುರ್ನಾ ನೀರಿಗಿಳಿಯುವ ದಿನ ಹತ್ತಿರ ಬಂದಿದ್ದಾಗ, ನಾಜಿಯೆ ಅಕ್ಕನ ತಂಗಿ ಮಿಲಾಸ್‌ನಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಅಕ್ಕ ಹೊರಡಲೇಬೇಕಾಯಿತು. ಬಸ್ಸಿನ ಬಳಿ ನಿಂತು, ಗಂಡನಿಗೆ ಅಡುಗೆಯ ವಿಷಯ ಒಂದೂ ಹೇಳಲಿಲ್ಲ.

"ನಾನು ಬರೋವರೆಗೆ ಮುಂದಿನ ಲೇಪ ಹಾಕಬೇಡ. ಗಟ್ಟಿಯಾಗಲಿ ಬಿಡು. ಎಲ್ಲರ ಹಾಗೆ ಉಜ್ಜಿ ಹಾಕಿದ್ರಾಯ್ತು."

"ಎಲ್ಲರ ಹಾಗೆ!" ಎಂದರು ಉಸ್ತಾ.

"ಹೂಂ, ಎಲ್ಲರ ಹಾಗೆ. ಸತ್ತುಹೋಗ್ತೀಯಾ?"

ಅವರು ಹೋದ ಮರುದಿನವೇ ಗಾಳಿ ತಿರುಗಿತು. ನಮ್ಮಲ್ಲಿ ಉತ್ತರದ ಒಣಗಾಳಿ ಇರುವಾಗ ವಾರ್ನಿಷ್ ಹೇಳಿದ ಮಾತು ಕೇಳುತ್ತದೆ. ದಕ್ಷಿಣದಿಂದ ಲೋದೋಸ್ ಬೀಸತೊಡಗಿದರೆ ಎಲ್ಲವೂ ತೇವ. ಉಪ್ಪಿನ ಡಬ್ಬಿ ನೀರೊಡೆಯುತ್ತದೆ, ಮನುಷ್ಯರಿಗೆ ತಲೆನೋವು, ಗಂಡಹೆಂಡಿರಿಗೆ ಜಗಳ. ಅಂಥ ಗಾಳಿಯಲ್ಲಿ ಲೇಪದ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ, ವಾಸನೆಗೆ ಸಿಗುತ್ತದೆ.

ಆ ಬೆಳಿಗ್ಗೆ ನಾನು ಕಟ್ಟೆಯಲ್ಲೇ ಇದ್ದೆ. ಸೈಫಿ ಬಂದು, "ಉಸ್ತಾ, ಅತಿಥಿಗಳು ದಿನ ಗೊತ್ತುಮಾಡ್ಕೊಂಡು ಬರ್ತಿದ್ದಾರೆ. ಆಗುತ್ತಲ್ಲ?" ಎಂದು ಕೇಳಿದ. ಅಕ್ಕಪಕ್ಕದ ದೋಣಿಗಳಲ್ಲಿ ಕೆಲಸ ಮಾಡುತ್ತಿದ್ದವರು ಕೈ ನಿಲ್ಲಿಸಿ ಈ ಕಡೆ ನೋಡಿದರು. ಉಸ್ತಾ ಮೂಸುವುದನ್ನು ನೋಡುವುದೆಂದರೆ ಅವರಿಗೆ ಈಗಲೂ ಒಂದು ಸಂಭ್ರಮ.

ಪಟ್ಟಿಯ ಅಡಿಯಲ್ಲಿ ಒಂದು ಸಲ ಉಗುರು ಒತ್ತಿದ್ದರೆ ತಿಳಿದುಹೋಗುತ್ತಿತ್ತು. ಅಷ್ಟೂ ಜನರ ಮುಂದೆ, ಜೀವಮಾನವೆಲ್ಲ ಆ ಉಗುರನ್ನು ಹಾಸ್ಯ ಮಾಡಿದ ಮನುಷ್ಯ ಅದನ್ನು ಹೇಗೆ ಒತ್ತಬೇಕು? ನಾನು ಹತ್ತಿರ ಹೋಗಿ ಮೆಲ್ಲಗೆ, "ಉಸ್ತಾ, ನಾನು ಒಂದು ಸಲ ನೋಡಲಾ?" ಎಂದೆ.

"ನಿಮ್ಮದು ಸೀಮೆಸುಣ್ಣದ ಮೂಗು ಮೇಷ್ಟ್ರೇ," ಎಂದು ಅವರು ಗಟ್ಟಿಯಾಗಿ ಹೇಳಿದರು. ಎಲ್ಲರೂ ನಕ್ಕರು. ಅವರ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬಾಗಿದರು. ಕಣ್ಣು ಮುಚ್ಚಿದರು. ಸ್ವಲ್ಪ ಹೆಚ್ಚು ಹೊತ್ತೇ ಹಾಗೆ ಇದ್ದರು.

"ಆಗಿದೆ," ಎಂದರು.

ಕೆಂಪು ಬಟ್ಟೆ ಏರಿತು. ದಾರಿಗೆ ಯಾರೋ ನೀರು ಚಿಮುಕಿಸಿದರು. ಅವರು ಎಂದಿನ ಹಾಗೆ ಒಂದೇ ಉಸಿರಿನಲ್ಲಿ ಎಂಬಂತೆ ಇಡೀ ಪಟ್ಟಿಯನ್ನೂ ಕೋಣೆಯ ಗೋಡೆಗಳನ್ನೂ ಬಳಿದು ಮುಗಿಸಿದರು. ಸಂಜೆ ನೋಡಿದಾಗ ಕನ್ನಡಿಯ ಹಾಗಿತ್ತು.

ಮರುದಿನ ಗಾಳಿ ಬಿದ್ದು ಬಿಸಿಲು ಚುರುಕಾಯಿತು. ಒಳಗಿನ ಹಸಿ ಹೊರಗೆ ಬರಲು ದಾರಿ ಹುಡುಕಿರಬೇಕು. ನಾನು ಬ್ರೆಡ್ಡಿಗೆಂದು ಹೋದವನು ಕಟ್ಟೆಯಲ್ಲಿ ಜನ ಸೇರಿದ್ದನ್ನು ಕಂಡು ಅತ್ತ ನಡೆದೆ. ಕಾದು ಆರಿದ ಹಾಲಿನ ಮೇಲೆ ಕೆನೆ ಸುಕ್ಕುಗಟ್ಟುತ್ತದಲ್ಲ, ತುರ್ನಾದ ಅಂಚಿನ ಪಟ್ಟಿಯೆಲ್ಲ ಮುಂದಿನಿಂದ ಹಿಂದಿನವರೆಗೆ ಹಾಗೆ ಸುಕ್ಕುಗಟ್ಟಿತ್ತು. ಕೋಣೆಯ ಗೋಡೆಗಳೂ ಹಾಗೆಯೇ. ತಹ್ಸಿನ್ ಉಸ್ತಾ ಅದರ ಪಕ್ಕದಲ್ಲಿ ನಿಂತಿದ್ದರು. ಪಟ್ಟಿಯ ಮೇಲಿಟ್ಟ ಅವರ ಕೈಯೂ ಪಟ್ಟಿಯೂ ಒಂದೇ ಬಗೆಯಾಗಿ ಕಾಣುತ್ತಿದ್ದವು.

ಸೈಫಿ ಬಂದ. ಸುತ್ತ ನೋಡಿದ. "ಡಬ್ಬಿ ಕೆಟ್ಟದ್ದು ಬಂದಿರಬೇಕು ಉಸ್ತಾ. ಅಂಗಡಿಯವನನ್ನ ನಾನು ಬಿಡಲ್ಲ," ಎಂದ.

"ಡಬ್ಬಿ ಸರಿಯಾಗೇ ಇದೆ."

"ಹಾಗಾದ್ರೆ ಲೋದೋಸ್—"

"ಲೋದೋಸ್ ಏನು ಮಾಡುತ್ತೆ? ನನ್ನ ಮೂಗು ಸತ್ತುಹೋಗಿದೆ ಸೈಫಿ. ವರ್ಷಗಳಾದವು." ಎಲ್ಲರಿಗೂ ಕೇಳುವಂತೆಯೇ ಹೇಳಿದರು, ಆದರೆ ಹಳೆಯ ಕೂಗು ಅದರಲ್ಲಿರಲಿಲ್ಲ. ಭಾರ ಹೊತ್ತು ಬಂದವನು ಮೂಟೆಯನ್ನು ಇಳಿಸಿದ ಹಾಗಿತ್ತು.

"ವರ್ಷಗಳಾದವು ಅಂದ್ರೆ? ಹೋದ ವರ್ಷದ್ದು ಎಷ್ಟು ಚೆನ್ನಾಗಿತ್ತಲ್ಲ! ಅದನ್ನ ಯಾರು ಮಾಡಿದ್ದು?"

"ಕೈ ನನ್ನದು. ಮೂಗು ನಾಜಿಯೆದು."

ಹಿಂದೆ ನಿಂತವನೊಬ್ಬ ನಗಲು ಹೊರಟು ಕೆಮ್ಮಿದ. ಸೈಫಿ ನಗಲಿಲ್ಲ. ಅವನ ಮುಖ ಕೆಂಪಾಗಿತ್ತು. "ಒಂದು ಮಾತು ನನಗೆ ಹೇಳಬಾರದಿತ್ತಾ ಉಸ್ತಾ? ಹೊರಗಿನವನಾ ನಾನು? ಈಗ ಬರೋರಿಗೆ ಏನು ಹೇಳಲಿ?" ಎಂದ. ಉತ್ತರಕ್ಕೆ ಕಾಯದೆ ಹೊರಟುಹೋದ. ಉಳಿದವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ದೋಣಿಗೆ ಹೋದರು. ಅಷ್ಟು ಜನರಲ್ಲಿ ಒಬ್ಬರೂ ಅಂದು "ಕೆಲಸ ಹಗುರಾಗಲಿ" ಎನ್ನಲಿಲ್ಲ.

ಸಂಜೆ ಸೈಫಿ ಮತ್ತೆ ಬಂದ. ಸಿಟ್ಟು ಇಳಿದಿತ್ತು, ನಿರ್ಧಾರ ಇಳಿದಿರಲಿಲ್ಲ. "ಸುಲಿದುಬಿಡೋಣ ಉಸ್ತಾ. ಎಲ್ಲಾ. ಮರದವರೆಗೆ. ಮತ್ತೆ ಹಾಕೋದು ಬೇಡ."

"ಬೋಳು ಬಿಡ್ತೀಯಾ?"

"ಬಿಡ್ತೀನಿ."

ಉಸ್ತಾ ಸುಕ್ಕುಗಟ್ಟಿದ ಪಟ್ಟಿಯ ಮೇಲೆ ಒಮ್ಮೆ ಕೈಯಾಡಿಸಿ, "ಸುಲಿಯೋದು ನಾನೇ. ಬೇರೆಯವರು ಮುಟ್ಟೋದು ಬೇಡ," ಎಂದರು. ಸೈಫಿ ಒಪ್ಪಿದ.

ಸುದ್ದಿ ಕೇಳಿ ನಾಜಿಯೆ ಅಕ್ಕ ತಂಗಿಯನ್ನು ಆಕೆಯ ಮಗಳ ಕೈಗೆ ಒಪ್ಪಿಸಿ ಬಂದರು. ನಾನು ಬೈಗುಳ ನಿರೀಕ್ಷಿಸಿದ್ದೆ. ಅವರು ದೋಣಿಯನ್ನು ನೋಡಿದರು, ಗಂಡನನ್ನು ನೋಡಿದರು, ಚೀಲವನ್ನು ಕೆಳಗಿಟ್ಟು ಒಂದು ಕೆರೆಯುವ ಅಲಗು ಎತ್ತಿಕೊಂಡು ಇನ್ನೊಂದು ಬದಿಯಿಂದ ಶುರುಮಾಡಿದರು. ಬಿಸಿಗಾಳಿಯ ಯಂತ್ರದಿಂದ ಮೆತ್ತಗೆ ಮಾಡಿ ಕೆರೆದಂತೆ ವರ್ಷವರ್ಷಗಳ ವಾರ್ನಿಷ್ ಜೇನುಬಣ್ಣದ ಸುರುಳಿಯಾಗಿ ಬಿಟ್ಟುಬರುತ್ತಿತ್ತು. ಅವರ ಮೊಣಕಾಲಿನವರೆಗೆ ಸುರುಳಿಗಳ ರಾಶಿ. ಆಗ ಗಾಳಿ ಬಂದರೂ, ಮೇಕೆ ಹಾದರೂ, ಧೂಳೆದ್ದರೂ ಯಾರೂ ಕೂಗಲಿಲ್ಲ. ಕಂಬ ಬೋಳಾಗಿ ನಿಂತಿತ್ತು.

ಎರಡನೆಯ ದಿನವೋ ಮೂರನೆಯ ದಿನವೋ ಹಿಂಬದಿಯಲ್ಲಿ ಮರ ಪೂರ್ತಿ ಹೊರಬಿತ್ತು. ಉಸ್ತಾ ಅದರ ಮೇಲೆ ಕೈಯಾಡಿಸಿದರು. ಬಾಗಿದರು, ಮೂಸಿದರು, ಇಲ್ಲವೆಂದು ತಲೆಯಾಡಿಸಿದರು.

"ನಾಜಿಯೆ, ವಾಸನೆ ಹೇಗಿದೆ?"

ಅಕ್ಕ ಬಂದು ಬಾಗಿದರು. "ಚರ್ಮದ ಹಾಗೆ. ಹೊಸ ಜೋಡಿನ ಹಾಗೆ. ಸ್ವಲ್ಪ ಮೆಣಸು." ಮತ್ತೆ ಮೂಸಿದರು. "ನಿನ್ನ ಅಮ್ಮನ ಬಟ್ಟೆಪೆಟ್ಟಿಗೆ ಇತ್ತಲ್ಲ, ಮುಚ್ಚಳ ತೆಗೆದಾಗ ಬರ್ತಿತ್ತಲ್ಲ, ಹಾಗೆ."

"ಹೂಂ," ಎಂದರು ಅವರು. "ಹಾಗೇ ಇರಬೇಕು."

ಮತ್ತೆ ಕೆರೆಯತೊಡಗಿದರು.

ಕೆಲಸ ಮುಗಿದ ಮಧ್ಯಾಹ್ನ ನಾನು ಬುತ್ತಿ ಹಿಡಿದು ಹೋದರೆ, ಉಸ್ತಾ ತುರ್ನಾದ ಬರಿಮೈ ಹಲಗೆಗಳ ಮೇಲೆ ಅಂಗಾತ ಮಲಗಿ ನಿದ್ದೆ ಹೋಗಿದ್ದರು. ಹಸಿ ವಾರ್ನಿಷ್ ಪಕ್ಕದಲ್ಲಿದ್ದಾಗ ಯಾರು ನಿದ್ದೆ ಮಾಡುತ್ತಾರೆ? ಅಷ್ಟು ವರ್ಷಗಳಲ್ಲಿ ಅವರು ಆ ದೋಣಿಯ ಮೇಲೆ ಮಲಗಿದ್ದನ್ನು ನಾನು ನೋಡಿರಲಿಲ್ಲ. ನಾಜಿಯೆ ಅಕ್ಕ ಅವರ ಮುಖಕ್ಕೆ ಬಿಸಿಲು ಬೀಳದಂತೆ ಕುಳಿತು, ಬಾಯಿಗೆ ಬೆರಳಿಟ್ಟು ನನಗೆ ಸುಮ್ಮನಿರುವಂತೆ ಸನ್ನೆ ಮಾಡಿದರು.

ನೀರಿಗಿಳಿಸುವ ದಿನ ಸೈಫಿಯೇ ತಹ್ಸಿನ್ ಉಸ್ತಾ ಅವರ ಮನೆಗೆ ಬಂದ. ಹೆಗಲ ಮೇಲೆ ಚುಕ್ಕಾಣಿಯ ತೇಗದ ಹಿಡಿ. ಅದನ್ನು ಮಾತ್ರ ದೋಣಿಯಿಂದ ಬಿಚ್ಚಬಹುದು.

"ಇದಕ್ಕೆ ವಾರ್ನಿಷ್ ಬೇಕು ಉಸ್ತಾ. ಇಡೀ ದಿನ ನನ್ನ ಕೈ ಇರೋದು ಇದರ ಮೇಲೆ. ಈ ವರ್ಷ ಹಳೆಯದೊಂದು ಹಾಕ್ಕೊಂಡು ಓಡಿಸ್ತೀನಿ. ಅವಸರ ಇಲ್ಲ. ನಿಧಾನಕ್ಕೆ ಮಾಡಿ."

"ಯಾರ ಮೂಗಲ್ಲಿ ಮಾಡಲಿ?" ಎಂದು ಕೇಳಿದರು ಉಸ್ತಾ.

"ಯಾರದಾದ್ರೂ ಸರಿ. ನನಗೆ ಕೈ ನಿಮ್ಮದು ಬೇಕು."

ಈಗ ತುರ್ನಾದ ಮೈ ಬೂದಿಬಣ್ಣಕ್ಕೆ ತಿರುಗಿದೆ. ದೋಣಿ ದಡದಲ್ಲಿರುವ ದಿನ ತಹ್ಸಿನ್ ಉಸ್ತಾ ಬೆಳಿಗ್ಗೆ ನಿಧಾನವಾಗಿ ನಡೆದು ಹೋಗಿ, ಸಮುದ್ರದ ನೀರು ಸುರಿದು, ಮೆತ್ತನೆಯ ಬ್ರಷ್ಷಿನಿಂದ ಮರವನ್ನು ಅಡ್ಡಡ್ಡ ಉಜ್ಜಿ ತೊಳೆದು ಬರುತ್ತಾರೆ. ಬರಿಯ ತೇಗಕ್ಕೆ ಬೇಕಾದದ್ದು ಅಷ್ಟೇ. ಅವರಿಗೆ ಆ ಬಣ್ಣ ಇನ್ನೂ ಹಿಡಿಸಿಲ್ಲ. "ನಿಮ್ಮ ಹಾಗಿದೆ ಮೇಷ್ಟ್ರೇ, ಪಿಂಚಣಿ ತಗೊಂಡ ಹಾಗೆ," ಎನ್ನುತ್ತಾರೆ. ಬೇಗ ದಣಿಯುತ್ತಾರೆ, ಹಿಂದಿರುಗುವಾಗ ದುರ್ಮುಷ್‌ನ ಅಂಗಡಿಯಲ್ಲಿ ಒಮ್ಮೆ, ಮಸೀದಿಯ ಕಟ್ಟೆಯ ಮೇಲೆ ಒಮ್ಮೆ ಕೂರುತ್ತಾರೆ.

ಚಳಿಗಾಲ ಕಳೆದಾಗ ಚುಕ್ಕಾಣಿಯ ಹಿಡಿ ಮನೆಗೆ ಬರುತ್ತದೆ. ಜಗಲಿಯಲ್ಲಿ ಎರಡು ಕುರ್ಚಿಗಳ ಬೆನ್ನಿನ ಮೇಲೆ ಅದನ್ನು ಅಡ್ಡಲಾಗಿ ಮಲಗಿಸಿ, ಗೇಟಿಗೆ ಆ ಹಳೆಯ ಕೆಂಪು ಬಟ್ಟೆ ಕಟ್ಟುತ್ತಾರೆ. ನಾಜಿಯೆ ಅಕ್ಕನಿಗೆ ಈಗ ಮಂಡಿನೋವು. ಪದೇ ಪದೇ ಎದ್ದು ಬಂದು ಬಾಗಲು ಆಗುವುದಿಲ್ಲ. ಹಾಗಾಗಿ ದಾರಿಯಲ್ಲಿ ಹೋಗುವವರ ಪಾಡು ಹೇಳತೀರದು.

ನಿನ್ನೆ ಬ್ರೆಡ್ಡು ಹಿಡಿದು ಹಾದುಹೋಗುತ್ತಿದ್ದೆ. ಬೀದಿಯ ಆ ತುದಿಗೂ ಕೇಳುವ ದನಿಯಲ್ಲಿ ಕರೆದರು.

"ಮೇಷ್ಟ್ರೇ! ಬನ್ನಿ ಇಲ್ಲಿ. ಆ ಸೀಮೆಸುಣ್ಣದ ಮೂಗನ್ನ ತನ್ನಿ."

ಒಳಗಿನಿಂದ ಅಕ್ಕನ ದನಿ ಬಂತು. "ಮೆಲ್ಲಗೆ ನಡೀರಿ ಮೇಷ್ಟ್ರೇ, ಧೂಳು!"

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿ ಮೂಸಿದೆ. ಮೂಗಿಗೆ ಚುಚ್ಚಿತು; ಚುಚ್ಚಿತೆಂದೇ ನನಗನ್ನಿಸಿತು. "ಇನ್ನೂ ಇಲ್ಲ," ಎಂದೆ.

"ಖಾತ್ರಿನಾ?"

"ಅಷ್ಟೇನಿಲ್ಲ."

ಅವರು ಹಿಡಿಯನ್ನು ಮಗುಚಿ, ಬುಡದ ಹತ್ತಿರ, ಬೀದಿಯಲ್ಲಿ ಹೋಗುವವರು ನೋಡುತ್ತಿರುವಂತೆಯೇ, ಹೆಬ್ಬೆರಳ ಉಗುರನ್ನು ಒತ್ತಿದರು. ಉಗುರಿನ ಗುರುತು ಮೂಡಿತು.

"ಸರಿಯಾಗೇ ಹೇಳಿದ್ರಿ," ಎಂದರು. ಬೇರೊಂದು ಕುರ್ಚಿಯನ್ನು ನನ್ನ ಕಡೆ ತಳ್ಳಿ, ತಾವು ಗೋಡೆಗೆ ಒರಗಿ ಕುಳಿತರು. "ನಾಳೆ ನೋಡೋಣ. ನಾಳೆನೂ ಈ ಕಡೆಯಿಂದಲೇ ಬನ್ನಿ."